ಇಲ್ಲದ ಗುಡಿಗೆ ಸಂದ ಕಾಣಿಕೆ: ಹಿತ್ತಿಯರ ನೆರಿಕ್ ನಗರದ ಕಥೆ

ಸತ್ಯವೇದವನ್ನು ಓದುವವರಿಗೆ ಹಿತ್ತಿಯರ ಹೆಸರು ಹೊಸದಲ್ಲ. ಸಾರಳು ತೀರಿಕೊಂಡಾಗ ಅಬ್ರಹಾಮನು ಆಕೆಯ ಸಮಾಧಿಗೆಂದು ಮಕ್ಪೇಲದ ಗವಿಯನ್ನು 400 ಶೆಕೆಲ್ ಬೆಳ್ಳಿ ತೂಗಿಕೊಟ್ಟು ಕೊಂಡದ್ದು ಹಿತ್ತಿಯನಾದ ಎಫ್ರೋನನಿಂದ. ದಾವೀದನು ಯಾರ ಹೆಂಡತಿಯನ್ನು ತನ್ನವಳನ್ನಾಗಿ ಮಾಡಿಕೊಂಡನೋ, ಯಾರನ್ನು ಕದನದ ಮುಂಚೂಣಿಗೆ ನೂಕಿ ಕೊಲ್ಲಿಸಿದನೋ ಆ ಊರೀಯನೂ ಹಿತ್ತಿಯನೇ. ಈ ಪುಟಗಳಲ್ಲಿ ಹೀಗೆ ಬಂದು ಹಾಗೆ ಮರೆಯಾಗುವ ಹಿತ್ತಿಯರು ಯಾರು? ಬಹುಕಾಲ ಈ ಪ್ರಶ್ನೆಗೆ ಉತ್ತರವಿರಲಿಲ್ಲ.

1906ರಲ್ಲಿ ಜರ್ಮನ್ ವಿದ್ವಾಂಸ ಹ್ಯೂಗೋ ವಿಂಕ್ಲರ್ ತುರ್ಕಿಯ ಬೊಗಾಜ್‌ಕೋಯ್ ಎಂಬ ಹಳ್ಳಿಯ ಬಳಿ ಅಗೆತ ಆರಂಭಿಸಿದಾಗ ಜೇಡಿಮಣ್ಣಿನ ಫಲಕಗಳು ಸಾವಿರಾರು ಸಂಖ್ಯೆಯಲ್ಲಿ ಹೊರಬಂದವು. ಅದು ಹಿತ್ತಿಯ ಸಾಮ್ರಾಜ್ಯದ ರಾಜಧಾನಿ ಹತ್ತೂಸ. 1915ರಲ್ಲಿ ಬೆದ್‌ರಿಚ್ ಹ್ರೋಜ್ನಿ ಎಂಬ ಚೆಕ್ ವಿದ್ವಾಂಸರು ಆ ಫಲಕಗಳ ಭಾಷೆ ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳ ಬಳಗಕ್ಕೇ ಸೇರಿದ್ದೆಂದು ತೋರಿಸಿಕೊಟ್ಟರು. ಕಾನಾನಿನಲ್ಲಿ ಅಬ್ರಹಾಮನ ನೆರೆಹೊರೆಯಲ್ಲಿದ್ದ ಹಿತ್ತಿಯರೂ ಅನತೋಲಿಯದ ಈ ಸಾಮ್ರಾಜ್ಯದ ಜನರೂ ಒಂದೇ ಎಂದು ಸಲೀಸಾಗಿ ಹೇಳಿಬಿಡಲಾಗದು. ವಿದ್ವಾಂಸರು ಇವೆರಡನ್ನೂ ಬೇರ್ಪಡಿಸಿಯೇ ನೋಡುತ್ತಾರೆ. ಆದರೆ ಆ ಫಲಕಗಳು ತೆರೆದಿಟ್ಟ ಲೋಕದಲ್ಲಿ ದೇವರ ಭಕ್ತಿಯೂ ಅರಸರ ಅಧಿಕಾರವೂ ಹೆಣೆದುಕೊಂಡ ಬಗೆಯು ಸತ್ಯವೇದದ ಓದುಗರಾದ ನಮ್ಮನ್ನು ಆಲೋಚನೆಗೆ ಹಚ್ಚುವಂಥದು. ಆ ಲೋಕದ ಒಂದೇ ಒಂದು ಊರಿಗೆ ಇಂದು ನಿಮ್ಮನ್ನು ಕರೆದೊಯ್ಯುವೆನು. ಅದರ ಹೆಸರು ನೆರಿಕ್.

ಬುಗ್ಗೆಯ ಊರು

ನೆರಿಕ್ ದೊಡ್ಡ ನಗರವಲ್ಲ. ಕಪ್ಪು ಸಮುದ್ರದ ದಕ್ಷಿಣಕ್ಕೆ ಹಬ್ಬಿದ ಬೆಟ್ಟಸಾಲುಗಳ ಒಳಗೆ, ಸಾಮ್ರಾಜ್ಯದ ಉತ್ತರದ ಅಂಚಿನಲ್ಲಿ ಇದ್ದ ಊರದು. ಹಿತ್ತಿಯ ಅರಸರು ಆ ನಾಡನ್ನು ಆಳುವುದಕ್ಕೆ ಮುಂಚೆಯೇ ಅಲ್ಲಿ ಹತ್ತಿ ಎಂಬ ಪ್ರಾಚೀನ ಜನ ನೆಲೆಸಿದ್ದರು. ಗೆದ್ದವರು ಸೋತವರ ದೇವರುಗಳನ್ನು ತಳ್ಳಿಹಾಕಲಿಲ್ಲ, ತಮ್ಮವರನ್ನಾಗಿ ಮಾಡಿಕೊಂಡರು. 'ಹತ್ತಿ ನಾಡಿನ ಸಾವಿರ ದೇವರುಗಳು' ಎಂದು ಅವರೇ ಹೇಳಿಕೊಳ್ಳುತ್ತಿದ್ದರು. ನೆರಿಕ್‌ನ ಆರಾಧನೆಗಳಲ್ಲಿ ಆ ಹಳೆಯ ಹತ್ತಿ ಭಾಷೆಯ ಪ್ರಾರ್ಥನೆಗಳನ್ನು ಪಠಿಸುವ ಪದ್ಧತಿ, ಆಡುಮಾತಿನಲ್ಲಿ ಆ ಭಾಷೆ ಕಣ್ಮರೆಯಾದ ಮೇಲೂ ನಿಲ್ಲಲಿಲ್ಲ. ಬಾಯಲ್ಲಿ ಸತ್ತ ಭಾಷೆ ದೇವಾಲಯದಲ್ಲಿ ಬದುಕಿತ್ತು.

ಆ ಊರಿನ ಒಡೆಯನು ಗುಡುಗು, ಮಿಂಚು, ಮಳೆಗಳ ಅಧಿಪತಿ. ಅವನನ್ನು ಸಿಡಿಲ ದೇವರೆಂದು ಕರೆಯೋಣ. ನಾಡಿನ ಮಹಾದೇವತೆಯಾದ ಅರಿನ್ನದ ಸೂರ್ಯದೇವಿಯ ಮಗನೆಂದು ಅವನನ್ನು ಎಣಿಸುತ್ತಿದ್ದರು. ಆದರೆ ಅವನು ಆಕಾಶದಲ್ಲಷ್ಟೇ ಇರುವವನಲ್ಲ. ನೆರಿಕ್‌ನಲ್ಲಿ ನೆಲದಾಳದಿಂದ ಚಿಮ್ಮುವ ಬುಗ್ಗೆಯೊಂದಿತ್ತು. ಅದು ಅವನಿಗೆ ಪ್ರಿಯವಾದ ತಾಣ. ಮೇಲಿನ ಮಳೆ, ಕೆಳಗಿನ ಒರತೆ ಎರಡೂ ಅವನ ಕೈಯಲ್ಲಿ. ಒಂದು ಆರಾಧನಾ ಫಲಕದ ಪ್ರಕಾರ, ಇಂದು ಕಿಜಿಲ್ ಇರ್ಮಾಕ್ ಎನಿಸಿಕೊಳ್ಳುವ ಮರಸ್ಸಂತ ನದಿ ಹಿಂದೆ ಬೇರೆ ದಾರಿಯಲ್ಲಿ ಹರಿಯುತ್ತಿತ್ತಂತೆ; ಸಿಡಿಲ ದೇವರು ಅದನ್ನು ತಿರುಗಿಸಿ ನೆರಿಕ್‌ನ ಸಮೀಪಕ್ಕೆ ತಂದನಂತೆ. ಅದೇ ದೇವರು ಮುನಿದರೆ ನೆಲದ ಗುಂಡಿಯೊಳಗೆ ಇಳಿದುಹೋಗುತ್ತಾನೆ. ಆಗ ಯಾಜಕರು ಕಾಣಿಕೆಯಿಟ್ಟು, ಮೇಲೆ ಬಾ, ನಿನ್ನ ಊರಿಗೆ ಬಾ ಎಂದು ಅವನನ್ನು ಕರೆಯಬೇಕಾಗುತ್ತಿತ್ತು. ಮಳೆಯನ್ನೇ ನಂಬಿ ಉಳುವ ಜನಕ್ಕೆ ಈ ಭಯ ಎಷ್ಟು ನಿಜವಾದದ್ದೆಂಬುದನ್ನು ನಮ್ಮ ನಾಡಿನ ರೈತರಿಗೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಪುರುಲ್ಲಿ ಹಬ್ಬ

ಚಳಿಗಾಲ ಕಳೆದು ವಸಂತ ಬಂದಾಗ ಪುರುಲ್ಲಿ ಎಂಬ ಹಬ್ಬ ನಡೆಯುತ್ತಿತ್ತು. ಹತ್ತಿ ಭಾಷೆಯಲ್ಲಿ 'ನೆಲ' ಎಂಬರ್ಥದ ಪದದಿಂದ ಈ ಹೆಸರು ಹುಟ್ಟಿದೆ. ನಾಡು ಬೆಳೆಯಲಿ, ಸೊಂಪಾಗಲಿ, ಕ್ಷೇಮವಾಗಿರಲಿ ಎಂಬುದು ಹಬ್ಬದ ಆಶಯ. ಅದು ಎಷ್ಟು ಮಹತ್ವದ್ದೆಂದರೆ, ಎರಡನೆಯ ಮುರ್ಸಿಲಿ ಎಂಬ ಅರಸನು ಬೇರೆಡೆ ಈ ಹಬ್ಬವನ್ನು ಆಚರಿಸಿದ್ದರೂ ಲೆಲ್ವಾನಿ ದೇವತೆಗೆ ಸಲ್ಲಬೇಕಾದ ಪುರುಲ್ಲಿ ಉಳಿದುಹೋಗಿತ್ತೆಂದು ರಾಜಧಾನಿಗೆ ಬಂದು ಅದನ್ನು ನೆರವೇರಿಸಿದ್ದನ್ನು ತನ್ನ ದಂಡಯಾತ್ರೆಗಳ ವೃತ್ತಾಂತದಲ್ಲಿಯೇ ಬರೆಸಿದ್ದಾನೆ.

ಈ ಹಬ್ಬದ ಸಂದರ್ಭದ ಕಥೆಯನ್ನು ನಮಗೆ ಉಳಿಸಿಕೊಟ್ಟವನು ನೆರಿಕ್‌ನ ಸಿಡಿಲ ದೇವರ ಯಾಜಕನಾದ ಕೆಲ್ಲ. ಇಲ್ಲುಯಂಕ ಎಂಬ ಮಹಾಸರ್ಪವು ಸಿಡಿಲ ದೇವರನ್ನು ಸೋಲಿಸುತ್ತದೆ. ಆಗ ಇನಾರ ಎಂಬ ದೇವತೆ ಹುಪಾಸಿಯನೆಂಬ ಮನುಷ್ಯನ ನೆರವು ಪಡೆದು ದೊಡ್ಡ ಔತಣವನ್ನು ಏರ್ಪಡಿಸುತ್ತಾಳೆ. ಸರ್ಪವೂ ಅದರ ಮಕ್ಕಳೂ ಪಾತ್ರೆ ಪಾತ್ರೆ ಕುಡಿದು ಮತ್ತರಾಗಿ, ತಮ್ಮ ಬಿಲದೊಳಗೆ ಮರಳಿ ಹೋಗಲಾರದೆ ನಿಲ್ಲುತ್ತವೆ. ಹುಪಾಸಿಯನು ಹಗ್ಗದಿಂದ ಸರ್ಪವನ್ನು ಕಟ್ಟಿಹಾಕುತ್ತಾನೆ. ಸಿಡಿಲ ದೇವರು ಬಂದು ಅದನ್ನು ಕೊಲ್ಲುತ್ತಾನೆ. ಗೆಲುವಿಗೆ ನೆರವಾದ ಆ ಮನುಷ್ಯನನ್ನು ಇನಾರಳು ಬಂಡೆಯ ಮೇಲಿನ ಮನೆಯೊಂದರಲ್ಲಿ ಇರಿಸಿ, ಕಿಟಕಿಯಿಂದ ಹೊರಗೆ ನೋಡಬೇಡವೆಂದು ಕಟ್ಟಪ್ಪಣೆ ಮಾಡುತ್ತಾಳೆ. ಇಪ್ಪತ್ತು ದಿನ ಕಳೆದ ಮೇಲೆ ಅವನು ಕಿಟಕಿಯನ್ನು ತೆರೆಯುತ್ತಾನೆ. ದೂರದಲ್ಲಿ ತನ್ನ ಹೆಂಡತಿ ಮಕ್ಕಳು ಕಾಣುತ್ತಾರೆ. ಮನೆಗೆ ಕಳುಹಿಸೆಂದು ಅಳತೊಡಗುತ್ತಾನೆ.

ಕೆಲ್ಲನು ಹೇಳುವ ಎರಡನೆಯ ಕಥೆ ಇನ್ನೂ ಕಠೋರವಾದದ್ದು. ಸರ್ಪವು ಸಿಡಿಲ ದೇವರ ಹೃದಯವನ್ನೂ ಕಣ್ಣುಗಳನ್ನೂ ಕಿತ್ತುಕೊಂಡಿರುತ್ತದೆ. ದೇವರು ಬಡವನೊಬ್ಬನ ಮಗಳಲ್ಲಿ ಮಗನನ್ನು ಪಡೆಯುತ್ತಾನೆ. ಆ ಮಗನು ಸರ್ಪದ ಮಗಳನ್ನೇ ಮದುವೆಯಾಗಿ, ಹೃದಯ ಮತ್ತು ಕಣ್ಣುಗಳನ್ನು ಉಡುಗೊರೆಯಾಗಿ ಕೇಳಿ ತಂದೆಗೆ ತಂದುಕೊಡುತ್ತಾನೆ. ದೃಷ್ಟಿ ಮರಳಿದ ದೇವರು ಸರ್ಪದ ಮೇಲೆ ಏರಿಹೋದಾಗ, ಉಂಡ ಮನೆಗೆ ದ್ರೋಹ ಮಾಡಿದೆನೆಂಬ ನೋವಿನಿಂದ ಮಗನು, ನನ್ನನ್ನೂ ಉಳಿಸಬೇಡವೆಂದು ತಂದೆಯನ್ನು ಕೂಗುತ್ತಾನೆ. ತಂದೆ ಇಬ್ಬರನ್ನೂ ಕೊಲ್ಲುತ್ತಾನೆ. ನಾಡಿಗೆ ಮಳೆ ಮರಳುತ್ತದೆ, ಆದರೆ ಯಾರೋ ಒಬ್ಬರು ಅದಕ್ಕೆ ಬೆಲೆ ತೆತ್ತಿರುತ್ತಾರೆ. ಪ್ರಿಯ ವಾಚಕರೇ, ಈ ಮಾತನ್ನು ನೆನಪಿನಲ್ಲಿಡಿ. ಮುಂದೆ ಅರಸರ ಚರಿತ್ರೆಯಲ್ಲಿಯೂ ಇದನ್ನೇ ಕಾಣಲಿದ್ದೇವೆ.

ಕಳೆದುಹೋದ ನಗರ

ಹಂತಿಲಿ ಎಂಬ ಅರಸನ ಕಾಲದಲ್ಲಿ ನೆರಿಕ್ ನಾಶವಾಯಿತೆಂದು ಮುಂದಿನ ಅರಸರು ಬರೆಸಿದ್ದಾರೆ. ಉತ್ತರದ ಬೆಟ್ಟಗಳಲ್ಲಿ ಕಸ್ಕರೆಂಬ ಜನರಿದ್ದರು. ಅವರಿಗೆ ಒಬ್ಬ ಅರಸನಿರಲಿಲ್ಲ, ಒಂದು ರಾಜಧಾನಿಯಿರಲಿಲ್ಲ. ಹಿತ್ತಿಯರು ಅವರನ್ನು ಹಂದಿ ಕಾಯುವವರು, ನಾರುಬಟ್ಟೆ ನೇಯುವವರು ಎಂದು ಹೀಗಳೆದರು. ಆದರೆ ಅರಸನಿಲ್ಲದ ಜನರನ್ನು ಸೋಲಿಸುವುದು ಕಷ್ಟ. ಒಂದು ಹಳ್ಳಿಯೊಡನೆ ಒಪ್ಪಂದವಾದರೆ ಪಕ್ಕದ ಹಳ್ಳಿ ಅದಕ್ಕೆ ಬದ್ಧವಲ್ಲ. ನೆರಿಕ್ ಅವರ ವಶವಾಯಿತು.

ಕ್ರಿ.ಪೂ. 1400ರ ಆಸುಪಾಸಿನಲ್ಲಿ ಆಳಿದ ಅರಸ ಅರ್ನುವಂದ ಮತ್ತು ರಾಣಿ ಅಸ್ಮುನಿಕಲ್ ಕೂಡಿ ಸಲ್ಲಿಸಿದ ಪ್ರಾರ್ಥನೆಯೊಂದು ನಮಗೆ ದೊರೆತಿದೆ. ಹಳೆಯ ಕಾಲದ ಪ್ರಾರ್ಥನೆಗಳಲ್ಲಿ ಇಷ್ಟು ದುಃಖಭರಿತವಾದದ್ದು ಅಪರೂಪ. ಕಸ್ಕರು ದೇವಾಲಯಗಳನ್ನು ಕೆಡವಿದರು, ಬೆಳ್ಳಿ ಬಂಗಾರದ ಪಾತ್ರೆಗಳನ್ನೂ ವಿಗ್ರಹಗಳನ್ನೂ ಹಂಚಿಕೊಂಡರು, ಯಾಜಕರನ್ನೂ ಗಾಯಕರನ್ನೂ ಅಡುಗೆಯವರನ್ನೂ ತಮ್ಮ ಊಳಿಗಕ್ಕೆ ಇಟ್ಟುಕೊಂಡರು ಎಂದು ಅರಸ ದಂಪತಿಗಳು ದೇವರುಗಳ ಮುಂದೆ ಹೇಳಿಕೊಳ್ಳುತ್ತಾರೆ. ಕಳೆದುಕೊಂಡ ಊರುಗಳನ್ನು ಒಂದೊಂದಾಗಿ ಹೆಸರಿಸುತ್ತಾರೆ.

ಆದರೂ ನೆರಿಕ್‌ನ ದೇವರಿಗೆ ಸಲ್ಲಬೇಕಾದದ್ದನ್ನು ಅವರು ನಿಲ್ಲಿಸಲಿಲ್ಲ. ಹಕ್ಮಿಸ್ ಎಂಬ ಇನ್ನೊಂದು ಊರು ಇನ್ನೂ ಅವರ ಕೈಯಲ್ಲಿತ್ತು. ಹಕ್ಪಿಸ್ ಎಂದೂ ಅದನ್ನು ಕರೆಯುತ್ತಾರೆ. ಹತ್ತೂಸದಿಂದ ರೊಟ್ಟಿ, ಪಾನದ್ರವ್ಯ, ಎತ್ತು, ಕುರಿಗಳನ್ನು ಆ ಊರಿಗೆ ಕಳುಹಿಸಿ, ನೆರಿಕ್‌ನ ಸಿಡಿಲ ದೇವರಿಗೆ ಅಲ್ಲಿಯೇ ಅರ್ಪಿಸುವ ವ್ಯವಸ್ಥೆ ಮಾಡಿದರು. ದಾರಿಯಲ್ಲಿ ಕಸ್ಕರ ಭಯ. ಆದ್ದರಿಂದ ಕಸ್ಕರ ಮುಖ್ಯಸ್ಥರನ್ನೇ ಕರೆದು, ಉಡುಗೊರೆ ಕೊಟ್ಟು, ಈ ಕಾಣಿಕೆಗಳನ್ನು ತಡೆಯಬೇಡಿರೆಂದು ಆಣೆ ಇಡಿಸಿದರು. ಅವರು ಉಡುಗೊರೆಯನ್ನೂ ಪಡೆದರು, ಆಣೆಯನ್ನೂ ಇಟ್ಟರು. ಹಿಂದಿರುಗಿದ ಮೇಲೆ ಆಣೆಯನ್ನು ಮುರಿದು ಕಾಣಿಕೆಗಳನ್ನು ದೋಚಿಕೊಂಡರು.

ಈ ಚಿತ್ರವನ್ನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಿರಿ. ಗುಡಿ ಇಲ್ಲ, ಊರು ಶತ್ರುಗಳ ಕೈಯಲ್ಲಿದೆ, ದಾರಿ ಅಪಾಯದ್ದು. ಆದರೂ ತಲೆಮಾರುಗಳ ಕಾಲ ಜನರು ಬೇರೊಂದು ಊರಿನಲ್ಲಿ ನಿಂತು, ಕಳೆದುಹೋದ ಊರಿನ ದೇವರ ಹೆಸರನ್ನು ಕೂಗಿ ಕರೆಯುತ್ತಲೇ ಇದ್ದರು. ಶತಮಾನಗಳ ನಂತರ ಬಾಬಿಲೋನಿನ ಸೆರೆಯಲ್ಲಿದ್ದ ದಾನಿಯೇಲನು ಯೆರೂಸಲೇಮಿನ ಕಡೆಗೆ ಕಿಟಕಿಗಳನ್ನು ತೆರೆದು ಮೊಣಕಾಲೂರಿದ್ದು ನಮಗೆ ನೆನಪಾಗುತ್ತದೆ. ದೇವರು ಬೇರೆ, ನಂಬಿಕೆ ಬೇರೆ. ಆದರೆ ಕಳೆದುಕೊಂಡ ಪವಿತ್ರ ಸ್ಥಳಕ್ಕಾಗಿ ಮಿಡಿಯುವ ಮನುಷ್ಯ ಹೃದಯ ಒಂದೇ.

ರೋಗಿಯಾಗಿದ್ದ ರಾಜಪುತ್ರ

ಎರಡನೆಯ ಮುರ್ಸಿಲಿಗೆ ನಾಲ್ಕು ಮಂದಿ ಮಕ್ಕಳು. ಕಿರಿಯವನು ಹತ್ತುಸಿಲಿ, ಹುಟ್ಟಿನಿಂದಲೇ ರೋಗಿ. ಅವನು ಬಹಳ ದಿನ ಬದುಕುವುದಿಲ್ಲ, ನನ್ನ ಸೇವೆಗೆ ಅವನನ್ನು ಒಪ್ಪಿಸಿದರೆ ಉಳಿಯುವನು ಎಂದು ಸಮುಹ ನಗರದ ಶೌಷ್ಗ ದೇವತೆ ಕನಸಿನ ಮೂಲಕ ತಂದೆಗೆ ತಿಳಿಸಿದಳಂತೆ. ತಂದೆ ಮಗನನ್ನು ಯಾಜಕನನ್ನಾಗಿ ಒಪ್ಪಿಸಿದನು; ಮಗ ಬದುಕಿದನು. ಇದನ್ನೆಲ್ಲ ಹತ್ತುಸಿಲಿ ತಾನೇ, ಮುಂದೆ ಅರಸನಾದ ಮೇಲೆ, ವಿಸ್ತಾರವಾಗಿ ಬರೆಸಿದ್ದಾನೆ.

ಮುರ್ಸಿಲಿಯ ನಂತರ ಪಟ್ಟಕ್ಕೆ ಬಂದ ಅಣ್ಣ ಮುವತ್ತಲ್ಲಿ ರಾಜಧಾನಿಯನ್ನೂ ದೇವರುಗಳನ್ನೂ ದಕ್ಷಿಣದ ತರ್ಹುಂತಸ್ಸಕ್ಕೆ ಸಾಗಿಸಿದನು. ಉತ್ತರದ ಪಾಳುಬಿದ್ದ ನಾಡು ತಮ್ಮನ ಪಾಲಿಗೆ ಬಂತು. ಹಕ್ಪಿಸ್‌ನಲ್ಲಿ ಅವನು ಅಧೀನ ಅರಸನಾದನು. ಕ್ರಿ.ಪೂ. 1274ರಲ್ಲಿ ಈಜಿಪ್ಟಿನ ಎರಡನೆಯ ರಾಮ್ಸೆಸ್‌ನ ವಿರುದ್ಧ ಕಾದೇಶ್‌ನಲ್ಲಿ ಅಣ್ಣನ ಜೊತೆಗೂಡಿ ಕಾದಾಡಿದನು. ಹಿಂದಿರುಗುವಾಗ ಲವಜಂತಿಯ ಎಂಬ ಊರಿನಲ್ಲಿ ಯಾಜಕನೊಬ್ಬನ ಮಗಳಾದ ಪುದುಹೆಪಳನ್ನು ಮದುವೆಯಾದನು. ಹಿತ್ತಿಯರ ಇತಿಹಾಸದಲ್ಲಿ ಈಕೆಯಷ್ಟು ಪ್ರಭಾವಶಾಲಿಯಾದ ರಾಣಿ ಮತ್ತೊಬ್ಬಳಿಲ್ಲ.

ಹಿಂದಿನ ಅರಸರಿಂದ ಆಗದಿದ್ದ ಕೆಲಸವನ್ನು ಉತ್ತರದಲ್ಲಿ ಹತ್ತುಸಿಲಿ ಮಾಡಿ ಮುಗಿಸಿದನು. ಕಸ್ಕರನ್ನು ಹಿಮ್ಮೆಟ್ಟಿಸಿ ನೆರಿಕ್ ಅನ್ನು ಮರಳಿ ಪಡೆದು, ಅದನ್ನು ಮತ್ತೆ ಕಟ್ಟಿಸಿದನು. ಸಿಡಿಲ ದೇವರಿಗೆ ತಾನೇ ಯಾಜಕನಾದನು. ತನ್ನ ಮಗನೊಬ್ಬನಿಗೆ ನೆರಿಕ್‌ನ ಹೆಸರನ್ನೇ ಹೊತ್ತ ನೆರಿಕ್ಕಾಯಿಲಿ ಎಂಬ ಹೆಸರಿಟ್ಟನು. ತಲೆಮಾರುಗಳಿಂದ ಹಕ್ಪಿಸ್‌ನಲ್ಲಿ ಸಲ್ಲುತ್ತಿದ್ದ ಕಾಣಿಕೆ ಕೊನೆಗೂ ತನ್ನ ಮನೆಗೆ ಬಂತು. ಕಥೆ ಇಲ್ಲಿಗೇ ಮುಗಿದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು!

ದೇವರೇ ತೀರ್ಪು ಹೇಳಲಿ

ಮುವತ್ತಲ್ಲಿ ತೀರಿಕೊಂಡನು. ಪಟ್ಟದರಸಿಗೆ ಗಂಡುಮಕ್ಕಳಿಲ್ಲದ ಕಾರಣ ಬೇರೊಬ್ಬ ಹೆಂಡತಿಯ ಮಗನಾದ ಉರ್ಹಿ-ತೇಶುಬ್ ಅರಸನಾದನು. ಅಣ್ಣನ ಮೇಲಿನ ಗೌರವದಿಂದ ತಾನೇ ಅವನನ್ನು ಸಿಂಹಾಸನದ ಮೇಲೆ ಕೂರಿಸಿದೆನೆಂದು ಹತ್ತುಸಿಲಿ ಹೇಳಿಕೊಳ್ಳುತ್ತಾನೆ. ಆದರೆ ಪ್ರಬಲನಾದ ಚಿಕ್ಕಪ್ಪನನ್ನು ಪಕ್ಕದಲ್ಲಿಟ್ಟುಕೊಂಡು ಆಳುವುದು ಯುವ ಅರಸನಿಗೆ ಸುಲಭವಾಗಿರಲಿಲ್ಲ. ಚಿಕ್ಕಪ್ಪನ ಕೈಯಲ್ಲಿದ್ದ ನಾಡುಗಳನ್ನು ಒಂದೊಂದಾಗಿ ಹಿಂದಕ್ಕೆ ಪಡೆದನು. ಹಕ್ಪಿಸ್ ಮತ್ತು ನೆರಿಕ್ ಮಾತ್ರ ಉಳಿದವು. ಏಳು ವರ್ಷ ತಾಳಿಕೊಂಡೆನೆಂದು ಹತ್ತುಸಿಲಿ ಬರೆಸಿದ್ದಾನೆ. ಕೊನೆಗೆ ಆ ಎರಡೂ ಊರುಗಳನ್ನು ಕಿತ್ತುಕೊಂಡಾಗ ಅವನು ಯುದ್ಧ ಸಾರಿದನು.

ಸಾರಿದ ರೀತಿ ಗಮನಾರ್ಹ. ನೀನು ಮಹಾರಾಜ, ನಾನು ನೀನು ಬಿಟ್ಟುಕೊಟ್ಟ ಒಂದೇ ಕೋಟೆಯ ಅರಸ. ಬಾ, ಸಮುಹದ ಶೌಷ್ಗಳೂ ನೆರಿಕ್‌ನ ಸಿಡಿಲ ದೇವರೂ ನಮ್ಮ ವ್ಯಾಜ್ಯವನ್ನು ತೀರ್ಮಾನಿಸಲಿ ಎಂಬುದು ಅವನ ಕರೆಯ ಸಾರಾಂಶ. ರಣರಂಗವೇ ನ್ಯಾಯಾಲಯ, ದೇವರೇ ನ್ಯಾಯಾಧೀಶ. ಸಮುಹ ನಗರದಲ್ಲಿ, ದೊಡ್ಡಿಯಲ್ಲಿ ಹಂದಿಯನ್ನು ಕೂಡಿಹಾಕಿದಂತೆ, ಉರ್ಹಿ-ತೇಶುಬ್ ಸಿಕ್ಕಿಬಿದ್ದನು. ಅವನನ್ನು ಸಿರಿಯದ ಕಡೆಗೆ ಗಡೀಪಾರು ಮಾಡಲಾಯಿತು. ಮುಂದೆ ಅವನು ಈಜಿಪ್ಟಿನಲ್ಲಿ ಆಶ್ರಯ ಪಡೆದನು. ಕ್ರಿ.ಪೂ. 1267ರ ಸುಮಾರಿಗೆ ಹತ್ತುಸಿಲಿ ಮಹಾರಾಜನಾದನು. ತಾನು ಗೆದ್ದದ್ದರಿಂದಲೇ ದೇವರು ತನ್ನ ಕಡೆಗಿದ್ದನೆಂದು ಸಾಬೀತಾಯಿತೆಂಬುದು ಅವನ ವಾದ. ತನ್ನ ಹಳೆಯ ವೈರಿಯಾದ ಅರ್ಮ-ತರ್ಹುಂತನ ಮನೆ ಆಸ್ತಿಯನ್ನು ಶೌಷ್ಗ ದೇವತೆಗೆ ಅರ್ಪಿಸಿ, ಅದನ್ನೂ ಭಕ್ತಿಯ ಕಾರ್ಯವಾಗಿ ದಾಖಲಿಸಿದನು.

ಇಲ್ಲಿ ನಾವು ಎಚ್ಚರದಿಂದ ಓದಬೇಕಾಗಿದೆ. ನಮ್ಮ ಕೈಯಲ್ಲಿರುವುದು ಗೆದ್ದವನ ಹೇಳಿಕೆ. ಉರ್ಹಿ-ತೇಶುಬ್ ತನ್ನ ಪರವಾಗಿ ಬರೆಸಿದ ಒಂದು ಸಮರ್ಥನೆಯೂ ನಮಗೆ ಸಿಕ್ಕಿಲ್ಲ. ಧರ್ಮಬದ್ಧವಾಗಿ ಪಟ್ಟವೇರಿದ ಅರಸನನ್ನು ಚಿಕ್ಕಪ್ಪನು ಕೆಳಗಿಳಿಸಿದನೆಂಬ ಸಂಗತಿಯನ್ನು ಮಾತ್ರ ಯಾವ ವಾಕ್ಚಾತುರ್ಯವೂ ಮುಚ್ಚಲಾರದು. ಹಾಗೆಂದು ಹತ್ತುಸಿಲಿಯ ಭಕ್ತಿಯನ್ನು ಬರಿಯ ಸೋಗೆಂದು ತಳ್ಳಿಹಾಕುವುದೂ ನ್ಯಾಯವಲ್ಲ. ಯಾರೂ ಬೇಡವೆಂದಿದ್ದ ಪಾಳುನೆಲದಲ್ಲಿ ಪ್ರಾಣವನ್ನು ಪಣಕ್ಕಿಟ್ಟು ಅವನು ಆ ಊರನ್ನು ಎತ್ತಿನಿಲ್ಲಿಸಿದ್ದು ನಿಜ. ಅದೇ ನೆರಿಕ್ ಅವನಿಗೆ ಸಿಂಹಾಸನದ ಮೆಟ್ಟಿಲಾದದ್ದೂ ನಿಜ. ಒಂದೇ ಹೃದಯದಲ್ಲಿ ಎರಡೂ ಇದ್ದವು.

ತಪ್ಪು ನನ್ನದಲ್ಲ

ಸಿಂಹಾಸನ ದಕ್ಕಿತು, ನೆಮ್ಮದಿ ದಕ್ಕಲಿಲ್ಲ. ಹತ್ತುಸಿಲಿ ಮತ್ತು ಪುದುಹೆಪ ಅರಿನ್ನದ ಸೂರ್ಯದೇವಿಗೆ ಸಲ್ಲಿಸಿದ ಪ್ರಾರ್ಥನೆಯನ್ನು ಓದಿದರೆ ಇದು ತಿಳಿಯುತ್ತದೆ. ತಂದೆಯ ಕಾಲದಲ್ಲಿ ನಡೆದ ಅಪರಾಧಗಳಲ್ಲಿ ನನಗೆ ಪಾಲಿಲ್ಲ, ನಾನಾಗ ಮಗು. ಅಣ್ಣ ದೇವರುಗಳನ್ನು ದಕ್ಷಿಣಕ್ಕೆ ಸಾಗಿಸಿದ್ದು ನನ್ನ ಇಷ್ಟದಿಂದಲ್ಲ. ರಾಣಿ ದನುಹೆಪಳನ್ನು ಶಿಕ್ಷಿಸಿದ್ದು ನಾನಲ್ಲ. ಹೀಗೆ ಒಂದೊಂದು ದೋಷವನ್ನೂ ಇನ್ನೊಬ್ಬರ ತಲೆಗೆ ಕಟ್ಟುತ್ತಾ ಹೋಗುವ ಅರಸ, ತನ್ನ ಪರವಾಗಿ ಮುಂದಿಡುವುದು ಮತ್ತೆ ನೆರಿಕ್ ಅನ್ನೇ. ನಿನ್ನ ಪ್ರಿಯ ಮಗನ ಊರಿಗಾಗಿ ನಾನು ಶ್ರಮಿಸಿದೆನಲ್ಲವೇ ಎಂದು ತಾಯಿಯಾದ ದೇವಿಯನ್ನು ಕೇಳುತ್ತಾನೆ.

ಪುದುಹೆಪಳು ತನ್ನದೇ ಇನ್ನೊಂದು ಪ್ರಾರ್ಥನೆಯಲ್ಲಿ ಗಂಡನ ಆರೋಗ್ಯಕ್ಕಾಗಿ ಬೇಡುತ್ತಾಳೆ. ಹೆರಿಗೆಯ ಪೀಠದ ಮೇಲಿರುವ ಹೆಂಗಸಿನ ಕೋರಿಕೆಗೆ ದೇವರು ಓಗೊಡುತ್ತಾನೆಂಬ ಜನರ ಮಾತನ್ನು ನೆನಪಿಸಿ, ನಾನೂ ಅಂಥವಳೇ, ನನ್ನ ಮೊರೆಯನ್ನು ಕೇಳು ಎನ್ನುತ್ತಾಳೆ. ಗಂಡನು ನೆರಿಕ್‌ಗಾಗಿ ಪಟ್ಟ ಪಾಡನ್ನು ಆಕೆಯೂ ಎತ್ತಿ ಹೇಳುತ್ತಾಳೆ. ರಾಜಕೀಯದ ಲೆಕ್ಕಾಚಾರವನ್ನೆಲ್ಲ ಬದಿಗಿಟ್ಟರೂ, ರೋಗಿಯಾದ ಗಂಡನ ಹಾಸಿಗೆಯ ಪಕ್ಕದಲ್ಲಿರುವ ಹೆಂಡತಿಯ ದನಿ ಇಲ್ಲಿ ಮೂರು ಸಾವಿರ ವರ್ಷಗಳನ್ನು ದಾಟಿ ನಮಗೆ ಕೇಳಿಸುತ್ತದೆ.

ಕ್ರಿ.ಪೂ. 1259ರಲ್ಲಿ ಹತ್ತುಸಿಲಿ ರಾಮ್ಸೆಸ್‌ನೊಡನೆ ಮಾಡಿಕೊಂಡ ಶಾಂತಿ ಒಪ್ಪಂದ ಲೋಕಪ್ರಸಿದ್ಧ. ಅದರ ಪ್ರತಿಕೃತಿ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಟ್ಟಡದಲ್ಲಿದೆ. ಹೊರಗಿನ ಶತ್ರುವಿನೊಡನೆ ಸಂಧಿಯಾಯಿತು. ಮನೆಯೊಳಗಿನ ಗಾಯ ಮಾಯಲಿಲ್ಲ. ಅವನ ಮಗ ನಾಲ್ಕನೆಯ ತುಧಲಿಯ ಅರಸನಾದಾಗ, ಉರ್ಹಿ-ತೇಶುಬ್ ಮತ್ತು ದನುಹೆಪರ ಶಾಪಗಳು ತನ್ನನ್ನು ತಟ್ಟೀತೇ ಎಂದು ಶಕುನ ಕೇಳಿಸಿ ಪರಿಹಾರ ಕಾರ್ಯಗಳಿಗೆ ಮುಂದಾಗಬೇಕಾಯಿತು. ದೇವರೇ ತೀರ್ಪು ಕೊಟ್ಟನೆಂದು ತಂದೆ ಸಾರಿದ್ದ ವ್ಯಾಜ್ಯ ಮಗನ ಕಾಲಕ್ಕೂ ಮುಗಿದಿರಲಿಲ್ಲ.

ಉಳಿದದ್ದೇನು?

ಕ್ರಿ.ಪೂ. 1180ರ ಹೊತ್ತಿಗೆ ಹಿತ್ತಿಯ ಸಾಮ್ರಾಜ್ಯವೇ ಕುಸಿದು ಹತ್ತೂಸ ಬರಿದಾಯಿತು. ನೆರಿಕ್ ಎಲ್ಲಿತ್ತೆಂಬುದೂ ಮರೆತುಹೋಯಿತು. ತುರ್ಕಿಯ ಸಂಸುನ್ ಪ್ರಾಂತದಲ್ಲಿ, ವೆಜಿರ್‌ಕೋಪ್ರು ಪಟ್ಟಣದ ಸಮೀಪ ಒಯ್ಮಾಆಚ್ ಎಂಬ ದಿಬ್ಬವಿದೆ. 2005ರಿಂದ ರೈನರ್ ಚಿಖೋನ್ ಅವರ ನೇತೃತ್ವದಲ್ಲಿ ಅಲ್ಲಿ ಸಂಶೋಧನೆ ಆರಂಭವಾಗಿ, ಮುಂದೆ ಅಗೆತವೂ ನಡೆಯಿತು. ದೇವಾಲಯದ ಅಡಿಪಾಯಗಳು, ಬೆಣೆಲಿಪಿಯ ಫಲಕಗಳ ಚೂರುಗಳು ದೊರೆತವು. ಕಲ್ಲಿನಿಂದ ಕಟ್ಟಿದ ಮೆಟ್ಟಿಲುಗಳು ನೆಲದೊಳಗೆ ಇಳಿಯುತ್ತಾ ಒಂದು ಬುಗ್ಗೆಯನ್ನು ತಲುಪುವುದೂ ಬೆಳಕಿಗೆ ಬಂತು. ಈ ದಿಬ್ಬವೇ ನೆರಿಕ್ ಎಂದು ವಿದ್ವಾಂಸರು ಈಗ ಗುರುತಿಸುತ್ತಾರೆ. ಸಿಡಿಲ ದೇವರನ್ನು ಮೇಲೆ ಬಾ ಎಂದು ಕರೆಯುತ್ತಿದ್ದ ಯಾಜಕರ ಊರಿನಲ್ಲಿ, ಆ ಆಳದ ನೀರಿನ ದಾರಿ ಮತ್ತೆ ಕಣ್ಣಿಗೆ ಬಿದ್ದಿದೆ.

ಪ್ರಿಯ ವಾಚಕರೇ, ನಾವು ಆರಂಭಿಸಿದ್ದು ಹಿತ್ತಿಯನಾದ ಊರೀಯನಿಂದ. ಅವನನ್ನು ಕೊಲ್ಲಿಸಿದ ದಾವೀದನೂ ಅರಸನೇ, ದೇವರ ಭಕ್ತನೇ, ಯುದ್ಧಗಳನ್ನು ಗೆದ್ದವನೇ. ಆ ಗೆಲುವುಗಳನ್ನು ಮುಂದಿಟ್ಟು ತನ್ನನ್ನು ಸಮರ್ಥಿಸಿಕೊಳ್ಳಲು ಅವನಿಗೂ ಸಾಧ್ಯವಿತ್ತು. ಆದರೆ ಪ್ರವಾದಿಯಾದ ನಾತಾನನು ಎದುರಿಗೆ ನಿಂತು, ಆ ಮನುಷ್ಯ ನೀನೇ ಎಂದಾಗ ಅವನು ತಾನು ಪಾಪಮಾಡಿದೆನೆಂದು ಒಪ್ಪಿಕೊಂಡನು. ಹತ್ತುಸಿಲಿಯ ದೀರ್ಘವಾದ ಪ್ರಾರ್ಥನೆಯಲ್ಲಿ ಹುಡುಕಿದರೂ ಸಿಗದಿರುವುದು ಆ ಒಂದು ಮಾತು. ಅವನಿಗೆ ಎದುರು ನಿಂತು ಹೇಳುವ ನಾತಾನನೊಬ್ಬನು ಇದ್ದನೋ ಇಲ್ಲವೋ; ಇದ್ದಿದ್ದರೂ ಫಲಕಗಳಲ್ಲಿ ಅವನಿಗೆ ಎಡೆ ಸಿಕ್ಕಿಲ್ಲ.

ನಾವೂ ದೇವರಿಗಾಗಿ ಕಟ್ಟುತ್ತೇವೆ, ದುಡಿಯುತ್ತೇವೆ, ಪಾಳುಬಿದ್ದದ್ದನ್ನು ಎತ್ತಿನಿಲ್ಲಿಸುತ್ತೇವೆ. ಸಭೆಯಲ್ಲಾಗಲಿ ಸಮಾಜದಲ್ಲಾಗಲಿ ಅದೇ ದುಡಿಮೆ ಎಂದು ನಮ್ಮ ಹಕ್ಕುಪತ್ರವಾಗಿ ಮಾರ್ಪಡುತ್ತದೆಯೋ ನಮಗೇ ತಿಳಿಯುವುದಿಲ್ಲ. ನೆರಿಕ್‌ನ ಕಥೆಯಲ್ಲಿ ನನ್ನ ಮನಸ್ಸು ಮತ್ತೆ ಮತ್ತೆ ತಿರುಗುವುದು ಅದನ್ನು ಗೆದ್ದ ಅರಸನ ಕಡೆಗಲ್ಲ. ಹತ್ತೂಸದಿಂದ ಹಕ್ಮಿಸ್‌ಗೆ, ಕಳ್ಳರ ಭಯದ ದಾರಿಯಲ್ಲಿ, ರೊಟ್ಟಿಯನ್ನು ಹೊತ್ತು ಕುರಿಗಳನ್ನು ಅಟ್ಟಿಕೊಂಡು ನಡೆದವರ ಕಡೆಗೆ. ಅವರ ಹೆಸರು ಯಾವ ಫಲಕದಲ್ಲಿಯೂ ಇಲ್ಲ. ಊರು ಮರಳಿ ದಕ್ಕಿದ್ದನ್ನು ಅವರಲ್ಲಿ ಹೆಚ್ಚಿನವರು ನೋಡಲೂ ಇಲ್ಲ. ಆದರೂ ಅವರು ನಡೆದರು.